ಹೊಗೆ ತಿರುಗಿಸೋ ಚಕ್ರ: ಟರ್ಬೊ ಕಾರಿನ ಜಮಾ-ಖರ್ಚು

ನಗರಗೆರೆಯಿಂದ ಮಾತಾಡ್ತಿದ್ದೀನಿ.

ಇತ್ತೀಚೆಗೆ ನನಗೆ ಬರೋ ವಾಯ್ಸ್ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಬರ್ತಿದೆ. "ಬ್ರೋ, ಟರ್ಬೊ ತಗೊಳ್ಳೋದಾ, ನಾರ್ಮಲ್ ಇಂಜಿನ್ನೇ ಸಾಕಾ?" ಕೇಳೋರು ಹೆಚ್ಚಿನವರು ಮೊದಲ ಕಾರು ತಗೊಳ್ತಿರೋರು. ಮನೆಯವರೆಲ್ಲ ಸೇರಿ ಹೊಂದಿಸಿದ ದುಡ್ಡು, ಅದರ ಮೇಲೆ ಐದು ವರ್ಷದ ಇಎಂಐ. ಶೋರೂಮ್‌ಗೆ ಹೋದರೆ "ಟರ್ಬೊ ಸರ್, ಸೂಪರ್ ಪಿಕಪ್" ಅಂತಾರೆ. ಮೆಕ್ಯಾನಿಕ್ ಹತ್ರ ಹೋದರೆ "ಟರ್ಬೊ ಯಾಕಪ್ಪ ತಲೆನೋವು" ಅಂತಾನೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಆದರೆ ಇಬ್ಬರೂ ಅರ್ಧ ಲೆಕ್ಕ ಮಾತ್ರ ಹೇಳ್ತಾರೆ.

ನಾನು ಓದಿದ್ದು ಬಿ.ಕಾಂ. ಯಾವ ಯಂತ್ರ ನೋಡಿದರೂ ನನಗೆ ಮೊದಲು ಕಾಣೋದು ಲೆಡ್ಜರ್: ಎಷ್ಟು ಬಂತು, ಎಷ್ಟು ಹೋಯ್ತು, ಎಲ್ಲಿ ಸೋರಿತು. ಇವತ್ತು ಟರ್ಬೊನ ಜಮಾ-ಖರ್ಚು ನೋಡೋಣ.

ಇಂಜಿನ್‌ಗೆ ಜಾಸ್ತಿ ಬೇಕಿರೋದು ಗಾಳಿ

ನಾವು ಬಂಕಲ್ಲಿ ದುಡ್ಡು ಕೊಡೋದು ಪೆಟ್ರೋಲ್‌ಗೆ. ಅದಕ್ಕೇ ಇಂಜಿನ್ ಓಡೋದು ಪೆಟ್ರೋಲ್‌ನಿಂದ ಮಾತ್ರ ಅಂದ್ಕೊಂಡಿದ್ದೀವಿ. ತೂಕದ ಲೆಕ್ಕ ನೋಡಿದರೆ ಕಥೆ ಬೇರೆ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕೆ.ಜಿ. ತೂಗುತ್ತೆ, ಅದಕ್ಕೆ ಬೇಕಾಗೋದು ಹತ್ತಿರ ಹತ್ತಿರ 11 ಕೆ.ಜಿ. ಗಾಳಿ. ಜಾಗದ ಲೆಕ್ಕದಲ್ಲಿ ಅದು ಸುಮಾರು 9,000 ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ನೀರು ತರೋ ಟ್ರ್ಯಾಕ್ಟರ್ ಟ್ಯಾಂಕರ್ ನೆನಪಿಸ್ಕೊಳ್ಳಿ. ಒಂದೊಂದು ಲೀಟರ್ ಪೆಟ್ರೋಲ್‌ಗೂ ಅಂಥ ಎರಡು ಟ್ಯಾಂಕರ್ ತುಂಬಾ ಗಾಳಿ ಬೇಕು.

ಸೌದೆ ಒಲೆ ಹಚ್ಚಿದ್ದು ನೋಡಿರೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಒಲೆಗೆ ಸೌದೆ ತುರುಕಿದಷ್ಟೂ ಹೊಗೆ ಬರುತ್ತೆ, ಉರಿ ಬರಲ್ಲ. ಅಜ್ಜಿ ಬಂದು ಊದುಕೊಳವೆ ತಗೊಂಡು ಎರಡು ಸಲ ಊದಿದರೆ ಭಗ್ ಅಂತ ಹತ್ಕೊಳ್ಳುತ್ತೆ. ಕುಲುಮೆಯ ತಿದಿ ಮಾಡೋದೂ ಇದೇ ಕೆಲಸ. ಇಂಜಿನ್‌ನಲ್ಲೂ ಇಷ್ಟೇ. ಪೆಟ್ರೋಲ್ ಜಾಸ್ತಿ ಸುರಿಯೋದು ಕಷ್ಟದ ಕೆಲಸ ಅಲ್ಲ. ಅದನ್ನ ಉರಿಸೋಕೆ ಬೇಕಾದ ಗಾಳಿ ಒಳಗೆ ತರೋದು ಕಷ್ಟ.

ನಾರ್ಮಲ್ ಇಂಜಿನ್ ಗಾಳಿ ತಗೊಳ್ಳೋದು ಸಿರಿಂಜ್ ಥರ. ಪಿಸ್ಟನ್ ಕೆಳಗೆ ಇಳಿಯುತ್ತೆ, ಗಾಳಿ ಒಳಗೆ ಬರುತ್ತೆ. 1200 ಸಿಸಿ ಇಂಜಿನ್ ಅಂದ್ರೆ ಎಲ್ಲಾ ಸಿಲಿಂಡರ್ ಸೇರಿ, ಎರಡು ಸುತ್ತಿಗೊಮ್ಮೆ ಹೆಚ್ಚು ಅಂದ್ರೆ 1.2 ಲೀಟರ್ ಗಾಳಿ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ 1,800 ಲೀಟರ್. ಇದಕ್ಕಿಂತ ಜಾಸ್ತಿ ಬೇಕು ಅಂದ್ರೆ ಮೂರು ದಾರಿ. ಇಂಜಿನ್ ದೊಡ್ಡದು ಮಾಡಿ, ಇಲ್ಲಾ ಇನ್ನೂ ಜೋರಾಗಿ ತಿರುಗಿಸಿ, ಇಲ್ಲಾ ಅದೇ ಜಾಗಕ್ಕೆ ಗಾಳಿನ ಒತ್ತಿ ತುಂಬಿ. ಮೂರನೇ ದಾರಿಯೇ ಟರ್ಬೊ.

ಪಂಪಿನ ಇಂಪೆಲ್ಲರ್ ನೋಡಿದ್ದೀರಲ್ಲ?

ನಮ್ಮ ಕಡೆ ಬೋರ್‌ವೆಲ್ ಇಲ್ಲದ ತೋಟ ಇಲ್ಲ. ಮೋಟರ್ ರಿಪೇರಿಗೆ ಬಂದಾಗ ಪಂಪ್ ಬಿಚ್ಚಿಟ್ಟಿದ್ದು ನೋಡಿರ್ತೀರ. ಒಳಗೆ ಸಣ್ಣ ಸಣ್ಣ ರೆಕ್ಕೆ ಇರೋ ಚಕ್ರಗಳು ಇರುತ್ತವೆ. ಅದೇ ಇಂಪೆಲ್ಲರ್. ಅದು ತಿರುಗಿ ನೀರನ್ನ ಮಧ್ಯದಿಂದ ಹೊರಗೆ ಎಸೆಯುತ್ತೆ, ಒತ್ತಡ ಹುಟ್ಟುತ್ತೆ. ಟರ್ಬೊನಲ್ಲಿ ನೀರಿನ ಬದಲು ಗಾಳಿ, ಚಕ್ರ ಅಂಗೈ ಅಗಲಕ್ಕಿಂತ ಚಿಕ್ಕದು. ತತ್ತ್ವ ಅದೇ.

ಆದರೆ ಪಂಪ್ ತಿರುಗಿಸೋಕೆ ಕರೆಂಟ್ ಬೇಕು, ಟರ್ಬೊ ತಿರುಗಿಸೋಕೆ ಏನು ಬೇಕು? ಲೆಡ್ಜರ್ ತೆಗೀರಿ. ಪೆಟ್ರೋಲ್ ಉರಿದಾಗ ಬರೋ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಸಿಗೋದು. ಇನ್ನೊಂದು ಪಾಲು ರೇಡಿಯೇಟರ್ ಕಡೆಯಿಂದ ಹೋಗುತ್ತೆ. ಮತ್ತೊಂದು ಪಾಲು ಸೈಲೆನ್ಸರ್‌ನಿಂದ ಬಿಸಿ ಹೊಗೆಯಾಗಿ ಹೊರಗೆ. ಅಂದ್ರೆ 300 ರೂಪಾಯಿ ಪೆಟ್ರೋಲ್ ಹಾಕಿಸಿದರೆ ಸುಮಾರು 100 ರೂಪಾಯಿ ಹೊಗೆ ಕೊಳವೆಯಲ್ಲೇ ಹೋಗುತ್ತೆ. ಆ ಸೋರಿಕೆಯಲ್ಲಿ ಒಂದಿಷ್ಟನ್ನ ಹಿಡಿದು ಕೆಲಸಕ್ಕೆ ಹಚ್ಚೋ ಉಪಾಯವೇ ಟರ್ಬೊ.

ಒಂದೇ ಶಾಫ್ಟ್, ಎರಡು ತುದಿಗೆ ಎರಡು ಚಕ್ರ. ಎರಡಕ್ಕೂ ಬಸವನಹುಳುವಿನ ಚಿಪ್ಪಿನಂಥ ಬೇರೆ ಬೇರೆ ಕವಚ. ಒಂದು ಕಡೆ ಇಂಜಿನ್‌ನಿಂದ ಬರೋ ಬಿಸಿ ಹೊಗೆ ನುಗ್ಗಿ ಚಕ್ರ ತಿರುಗಿಸುತ್ತೆ, ಅದು ಟರ್ಬೈನ್. ಶಾಫ್ಟ್ ಒಂದೇ ಆಗಿರೋದರಿಂದ ಇನ್ನೊಂದು ಕಡೆಯ ಚಕ್ರವೂ ತಿರುಗುತ್ತೆ, ಅದು ಕಂಪ್ರೆಸರ್. ಅದು ಏರ್ ಫಿಲ್ಟರ್ ಕಡೆಯಿಂದ ಹೊಸ ಗಾಳಿ ಎಳ್ಕೊಂಡು, ಒತ್ತಿ ಇಂಜಿನ್‌ಗೆ ಕಳಿಸುತ್ತೆ. "ಟರ್ಬೊ ಹೊಗೆನೇ ವಾಪಸ್ ಇಂಜಿನ್‌ಗೆ ಬಿಡುತ್ತೆ" ಅಂತ ಕೆಲವರು ಹೇಳ್ತಾರೆ, ಅದು ತಪ್ಪು. ಟರ್ಬೊನಲ್ಲಿ ಹೊಗೆ ಬೇರೆ ಮನೆ, ಗಾಳಿ ಬೇರೆ ಮನೆ. ನಡುವೆ ಇರೋದು ಶಾಫ್ಟ್ ಮಾತ್ರ.

ಇದರ ವೇಗ ಕೇಳಿ. ಅಡುಗೆಮನೆ ಮಿಕ್ಸಿ ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗುತ್ತೆ. ಕಾರಿನ ಟರ್ಬೊ ಪೂರ್ತಿ ಜೋರಲ್ಲಿ ಇದ್ದಾಗ 2 ಲಕ್ಷ ಸುತ್ತಿನ ಆಸುಪಾಸು. ಪೆಟ್ರೋಲ್ ಇಂಜಿನ್‌ನಲ್ಲಿ ಆ ಟರ್ಬೈನ್ ಕಡೆಯ ಹೊಗೆ 900 ಡಿಗ್ರಿ ದಾಟಬಹುದು. ಈ ಎರಡು ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಖರ್ಚಿನ ಪುಟದಲ್ಲಿ ಬೇಕಾಗುತ್ತೆ.

ಒತ್ತಿದ ಗಾಳಿಗೆ ಎರಡು ಸಮಸ್ಯೆ

ಸೈಕಲ್‌ಗೆ ಪಂಪ್ ಹೊಡೆದರೆ ಪಂಪಿನ ತುದಿ ಬಿಸಿ ಆಗುತ್ತಲ್ಲ, ಗಾಳಿ ಒತ್ತಿದಾಗ ಬಿಸಿಯಾಗೋದು ಸಹಜ. ಬಿಸಿ ಗಾಳಿ ಹಿಗ್ಗುತ್ತೆ, ಅದೇ ಜಾಗದಲ್ಲಿ ಕಮ್ಮಿ ತುಂಬುತ್ತೆ. ಕಷ್ಟಪಟ್ಟು ಒತ್ತಿದ್ದರ ಲಾಭ ಅಲ್ಲೇ ಹೋಯ್ತು. ಅದಕ್ಕೇ ಟರ್ಬೊ ಮತ್ತು ಇಂಜಿನ್ ನಡುವೆ ಇನ್ನೊಂದು ಚಿಕ್ಕ ರೇಡಿಯೇಟರ್ ಇಡ್ತಾರೆ. ಅದರ ಹೆಸರು ಇಂಟರ್‌ಕೂಲರ್. ಎಷ್ಟೋ ಕಾರುಗಳಲ್ಲಿ ಮುಂದಿನ ಬಂಪರ್ ಜಾಲರಿ ಒಳಗೆ ಇಣುಕಿದರೆ ಕಾಣುತ್ತೆ.

ಎರಡನೇದು, ಒತ್ತಡ ಜಾಸ್ತಿ ಆದರೆ ಇಂಜಿನ್ ತಡೆಯಲ್ಲ. ಪೆಟ್ರೋಲ್ ಇಂಜಿನ್‌ನಲ್ಲಂತೂ ಸ್ಪಾರ್ಕ್ ಪ್ಲಗ್ ಕಿಡಿಯಿಂದ ಶುರುವಾದ ಉರಿ ಎಲ್ಲಾ ಕಡೆ ತಲುಪೋ ಮೊದಲೇ, ಉಳಿದ ಗಾಳಿ-ಪೆಟ್ರೋಲ್ ಮಿಶ್ರಣ ತಾನಾಗೇ ಸಿಡಿಯೋಕೆ ಶುರುವಾಗುತ್ತೆ. ಟಕ ಟಕ ಅಂತ ಸದ್ದು ಬರುತ್ತೆ, ಅದನ್ನೇ ನಾಕಿಂಗ್ ಅನ್ನೋದು. ಇದಕ್ಕೆ ಪರಿಹಾರ ನಮ್ಮ ಕೆರೆಗಳಲ್ಲೇ ಇದೆ. ಕೆರೆ ತುಂಬಿದ ಮೇಲೆ ಬರೋ ನೀರು ಏರಿ ಒಡೀಬಾರದು ಅಂತ ಕೋಡಿ ಇಟ್ಟಿರ್ತಾರೆ. ಟರ್ಬೊಗೂ ಒಂದು ಕೋಡಿ ಇದೆ, ಹೆಸರು ವೇಸ್ಟ್‌ಗೇಟ್. ಒತ್ತಡ ಮಿತಿ ಮುಟ್ಟಿದಾಗ ಒಂದಿಷ್ಟು ಹೊಗೆ ಚಕ್ರ ಮುಟ್ಟದೆ ಪಕ್ಕದಿಂದ ಸೈಲೆನ್ಸರ್ ಕಡೆ ಹೋಗುತ್ತೆ. ಚಕ್ರದ ವೇಗ ಹಿಡಿತದಲ್ಲಿ ಉಳಿಯುತ್ತೆ.

ಡೀಸೆಲ್ ಇಂಜಿನ್ ಒಳಗೆ ತಗೊಳ್ಳೋದು ಬರೀ ಗಾಳಿ, ಡೀಸೆಲ್ ಕೊನೆ ಕ್ಷಣದಲ್ಲಿ ಸೇರೋದು. ಅಲ್ಲಿ ಈ ಥರದ ನಾಕಿಂಗ್ ಕಾಟ ಇಲ್ಲ. ಅದಕ್ಕೇ ಡೀಸೆಲ್ ಗಾಡಿಗಳು ಟರ್ಬೊಗೆ ಮೊದಲೇ ಒಗ್ಗಿಕೊಂಡವು. ಟೊಮೆಟೊ ಹೇರ್ಕೊಂಡು ಚಿಂತಾಮಣಿ ಕಡೆ ಹೋಗೋ ಬೊಲೆರೊ ಪಿಕಪ್‌ನಲ್ಲಿ ಟರ್ಬೊ ಇದೆ, ಯಾರೂ ಅದನ್ನ ಸ್ಟೈಲ್ ಅಂತ ಹೇಳ್ಕೊಳ್ಳಲ್ಲ. ಅದೇ 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನಲ್ಲಿ 702 ಸಿಸಿ ಡೀಸೆಲ್, ಟರ್ಬೊ ಇರಲಿಲ್ಲ, ಶಕ್ತಿ 16 ಎಚ್‌ಪಿ. ಏರಲ್ಲಿ ಎರಡರ ಹಿಂದೆ ಹೋಗಿರೋರಿಗೆ ವ್ಯತ್ಯಾಸ ನಾನು ಹೇಳಬೇಕಿಲ್ಲ.

ಬೆಟ್ಟ ಹತ್ತಿದರೆ ಗಾಳಿ ತೆಳು

ಟರ್ಬೊ ಹೊಸ ಫ್ಯಾಷನ್ ಅಲ್ಲ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಚಿ ಇದಕ್ಕೆ ಪೇಟೆಂಟ್ ಪಡೆದಿದ್ದು 1905ರಲ್ಲಿ. ಮೊದಲು ಇದರ ಅಗತ್ಯ ಚೆನ್ನಾಗಿ ಗೊತ್ತಾಗಿದ್ದು ವಿಮಾನದವರಿಗೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತೆ, ಇಂಜಿನ್ ಸುಸ್ತಾಗುತ್ತೆ. 1918ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಇಂಜಿನ್ನನ್ನ ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿ ಪರೀಕ್ಷೆ ಮಾಡಿದರು. ಅಷ್ಟು ಮೇಲೆ ಕಳ್ಕೊಂಡ ಶಕ್ತಿಯನ್ನ ಟರ್ಬೊ ವಾಪಸ್ ತಂದುಕೊಡ್ತು.

ನಮಗೆ ಅಷ್ಟು ದೂರ ಹೋಗೋದು ಬೇಡ, ನಂದಿ ಬೆಟ್ಟ ಇದೆ. ಎತ್ತರ 1,478 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ಶೇ 15ರಷ್ಟು ಕಮ್ಮಿ. ಗೌರಿಬಿದನೂರು ಕಡೆಯ ನಾವೂ ಸುಮಾರು 700 ಮೀಟರ್ ಮೇಲೇ ಇದ್ದೀವಿ. ನಾರ್ಮಲ್ ಇಂಜಿನ್‌ಗೆ ಬಂದಷ್ಟೇ ಗಾಳಿ, ಬೆಟ್ಟದ ತಿರುವುಗಳಲ್ಲಿ ಅದು ಏದುಸಿರು ಬಿಡೋಕೆ ಇದೂ ಒಂದು ಕಾರಣ. ಟರ್ಬೊ ಇದ್ದರೆ ಸ್ವಲ್ಪ ಜೋರಾಗಿ ತಿರುಗಿ ಆ ಕೊರತೆ ತುಂಬಿಸ್ಕೊಳ್ಳುತ್ತೆ.

ಕಾರಿಗೆ ಬಂದಿದ್ದು ತಡವಾಗಿ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಮತ್ತು ಷೆವ್ರೊಲೆ ಟರ್ಬೊ ಪೆಟ್ರೋಲ್ ಕಾರು ಮಾರಾಟಕ್ಕೆ ಬಿಟ್ಟವು. 1978ರಲ್ಲಿ ಮರ್ಸಿಡಿಸ್ ಟರ್ಬೊ ಡೀಸೆಲ್ ಕಾರು ತಂತು. ಹಾಗಿದ್ದರೆ ನಮ್ಮ ಚಿಕ್ಕ ಪೆಟ್ರೋಲ್ ಕಾರುಗಳಿಗೆ ಇತ್ತೀಚೆಗೆ ಟರ್ಬೊ ಹೀಗೆ ನುಗ್ಗಿದ್ದು ಯಾಕೆ? ಹೊಗೆ ನಿಯಮ ಬಿಗಿಯಾಗಿದ್ದು, ಪೆಟ್ರೋಲನ್ನ ನೇರ ಸಿಲಿಂಡರ್ ಒಳಗೆ ಅಳೆದು ಚಿಮ್ಮಿಸೋ ತಂತ್ರ ಬಂದಿದ್ದು ಕಾರಣ ಹೌದು. ಆದರೆ ಇಂಡಿಯಾದಲ್ಲಿ ಇನ್ನೊಂದು ದೊಡ್ಡ ಕಾರಣ ಇದೆ. ಅದು ನನ್ನ ಸಬ್ಜೆಕ್ಟ್.

1200 ಅನ್ನೋ ಗೆರೆ

2006ರ ಕೇಂದ್ರ ಬಜೆಟ್‌ನಲ್ಲಿ "ಚಿಕ್ಕ ಕಾರು" ಅಂದ್ರೆ ಏನು ಅಂತ ಒಂದು ಗೆರೆ ಎಳೆದರು. ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಆದರೆ ಇಂಜಿನ್ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಸಿಸಿ ಒಳಗೆ. ಅಂಥ ಕಾರಿಗೆ ಎಕ್ಸೈಸ್ ಸುಂಕ ಶೇ 24ರಿಂದ 16ಕ್ಕೆ ಇಳೀತು. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಗೆರೆ ಉಳೀತು. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಈಚೆ ಇರೋ ಕಾರಿಗೆ ಶೇ 18, ಆಚೆ ಇದ್ದರೆ ಶೇ 40.

ಲೆಕ್ಕ ಹಾಕಿ. ತೆರಿಗೆಗೆ ಮುಂಚೆ 7 ಲಕ್ಷದ ಕಾರು ಅಂದ್ಕೊಳ್ಳಿ. ಶೇ 18 ಅಂದ್ರೆ 1 ಲಕ್ಷದ 26 ಸಾವಿರ. ಶೇ 40 ಅಂದ್ರೆ 2 ಲಕ್ಷದ 80 ಸಾವಿರ. ಇಂಜಿನ್ 1199 ಸಿಸಿನಾ, 1201 ಸಿಸಿನಾ ಅನ್ನೋದರ ಮೇಲೆ ಒಂದೂವರೆ ಲಕ್ಷದ ವ್ಯತ್ಯಾಸ! ಟಾಟಾ ನೆಕ್ಸಾನ್ ಪೆಟ್ರೋಲ್ ಇಂಜಿನ್ 1199 ಸಿಸಿ ಇರೋದು ಸುಮ್ಮನೆ ಅಲ್ಲ. ಇಂಜಿನ್ ಗಾತ್ರಕ್ಕೆ ಗೆರೆ ಇದೆ, ಒಳಗೆ ತುಂಬೋ ಗಾಳಿಗೆ ಗೆರೆ ಇಲ್ಲ. ಕಂಪನಿಗಳು ಗಾತ್ರ ಗೆರೆ ಒಳಗೆ ಇಟ್ಟು ಗಾಳಿ ತುಂಬಿದವು.

ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದಕ್ಕೆ ಹ್ಯುಂಡೈ ವೆನ್ಯೂ ನೋಡಿ. 2019ರಲ್ಲಿ ಬಂದಾಗ ಒಂದೇ ಕಾರಿಗೆ ಎರಡು ಪೆಟ್ರೋಲ್ ಇಂಜಿನ್. ಟರ್ಬೊ ಇಲ್ಲದ 1197 ಸಿಸಿಗೆ 83 ಪಿಎಸ್ ಶಕ್ತಿ, ಎಳೆಯೋ ಬಲ ಅಂದ್ರೆ ಟಾರ್ಕ್ ಸುಮಾರು 115 ಎನ್‌ಎಂ. ಟರ್ಬೊ ಇರೋ 998 ಸಿಸಿಗೆ 120 ಪಿಎಸ್, 172 ಎನ್‌ಎಂ. ಇಂಜಿನ್ ಚಿಕ್ಕದು, ಬಲ ಒಂದೂವರೆ ಪಟ್ಟು.

ಇದು ಜಮಾ ಪುಟ. ಈಗ ಖರ್ಚಿನ ಪುಟ.

ಖರ್ಚು ಒಂದು: ಕಾಯಬೇಕಾದ ಒಂದು ಸೆಕೆಂಡು

ಟರ್ಬೊ ತಿರುಗೋದು ಹೊಗೆಯಿಂದ. ಇಂಜಿನ್ ನಿಧಾನಕ್ಕೆ ಓಡ್ತಿದ್ದರೆ ಹೊಗೆ ಕಮ್ಮಿ, ಚಕ್ರ ಮಂಕು. ನೀವು ಆಕ್ಸಿಲರೇಟರ್ ತುಳಿದ ಮೇಲೆ ಹೊಗೆ ಜಾಸ್ತಿಯಾಗಿ, ಚಕ್ರ ವೇಗ ಹಿಡಿದು, ಗಾಳಿ ಒತ್ತಿ ಬರೋಕೆ ಒಂದು ಕ್ಷಣ ಬೇಕು. ಇದಕ್ಕೇ ಟರ್ಬೊ ಲ್ಯಾಗ್ ಅಂತಾರೆ. ಹಳೇ ಸ್ವಿಫ್ಟ್, ಡಿಜೈರ್ ಡೀಸೆಲ್ ಓಡಿಸಿರೋರಿಗೆ ಇದು ಕಾಲಿಗೇ ಗೊತ್ತು. ಫಿಯೆಟ್ ರೂಪಿಸಿದ ಆ 1248 ಸಿಸಿ ಇಂಜಿನ್ 2,000 ಆರ್‌ಪಿಎಂ ಕೆಳಗೆ ನಿದ್ದೆ, ಮೇಲೆ ಹೋದರೆ ಒಮ್ಮೆಲೇ ಎದ್ದು ಓಡುತ್ತೆ. ಇವತ್ತಿನ ಚಿಕ್ಕ ಟರ್ಬೊಗಳಲ್ಲಿ ಇದು ಬಹಳ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ.

ಇದು ಬರೀ ಮಜಾದ ವಿಷಯ ಅಲ್ಲ. ಗೌರಿಬಿದನೂರಿಂದ ದೊಡ್ಡಬಳ್ಳಾಪುರದ ಕಡೆ ಹೋಗ್ತಾ ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರ್ ಸಿಕ್ಕಿದೆ, ಎದುರಿಂದ ಬಸ್ ಬರ್ತಿದೆ. ನೀವು ನಾಲ್ಕನೇ ಗೇರ್‌ನಲ್ಲಿ, ಇಂಜಿನ್ ಮಂಕಾಗಿರುವಾಗಲೇ ಹೊರಗೆ ಬಂದು ತುಳಿದರೆ? ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತೆ. ಎದುರಿನ ಬಸ್ಸೂ ಅಷ್ಟೇ ಹತ್ತಿರ ಬಂದಿರುತ್ತೆ. ಅದಕ್ಕೇ ಮ್ಯಾನ್ಯುವಲ್ ಗೇರ್ ಇದ್ದರೆ ಮೊದಲು ಗೇರ್ ಇಳಿಸಿ, ಇಂಜಿನ್ ಎಚ್ಚರ ಮಾಡಿ, ಆಮೇಲೆ ಹೊರಗೆ ಬನ್ನಿ. ಟರ್ಬೊ ಇದೆ ಅನ್ನೋ ಧೈರ್ಯದಲ್ಲಿ ಓವರ್‌ಟೇಕ್ ಬೇಡ.

ಖರ್ಚು ಎರಡು: ಆಯಿಲ್

ಆ 2 ಲಕ್ಷ ಸುತ್ತು, 900 ಡಿಗ್ರಿ ನೆನಪಿದೆಯಲ್ಲ? ಅಷ್ಟು ವೇಗದ ಶಾಫ್ಟ್ ಸಾಮಾನ್ಯವಾಗಿ ಕೂರೋದು ಬಾಲ್ ಬೇರಿಂಗ್ ಮೇಲೂ ಅಲ್ಲ, ಕೂದಲಿಗಿಂತ ತೆಳುವಾದ ಆಯಿಲ್ ಪದರದ ಮೇಲೆ. ಆಯಿಲ್ ಅದನ್ನ ತೇಲಿಸುತ್ತೆ, ಜೊತೆಗೆ ತಣ್ಣಗೂ ಮಾಡುತ್ತೆ. ಆ ಆಯಿಲ್ ಇಂಜಿನ್ ಆಯಿಲ್ಲೇ. ಅದು ಹಳೇದಾಗಿ ಮಡ್ಡಿ ಕಟ್ಟಿದರೆ ಮೊದಲು ಸಾಯೋದು ಟರ್ಬೊ.

ನಮ್ಮ ಚಿಕ್ಕಪ್ಪನ ಮಗ ಒಬ್ಬ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಗೊಂಡ. ಹೊರಗೆ ಫಳಫಳ. ಸರ್ವೀಸ್ ಬುಕ್ ಕೇಳಿದ್ದಕ್ಕೆ "ಹೊರಗಡೆ ಗ್ಯಾರೇಜಲ್ಲೇ ಮಾಡಿಸ್ತಿದ್ವಿ" ಅಂದರಂತೆ. ಕೆಲವು ತಿಂಗಳಾದ ಮೇಲೆ ಆಂಬುಲೆನ್ಸ್ ಥರ ಸಿಳ್ಳೆ, ಹಿಂದೆ ನೀಲಿ ಹೊಗೆ, ಏರಲ್ಲಿ ಎಳೀತಿಲ್ಲ. ಬಿಚ್ಚಿದರೆ ಆಯಿಲ್ ಹೋಗೋ ದಾರಿ ಕರಕಲು ಕಟ್ಟಿತ್ತು. "ಏನಣ್ಣ, ಆಯಿಲ್ ಉಳಿಸಿದೋನು ಅವನು, ಕಟ್ಟೋನು ನಾನಾ?" ಅಂದ. ಹೌದು, ಲೆಕ್ಕ ಹಾಗೇ ಇರೋದು. ಬಿಟ್ಟುಹೋದ ಒಂದೊಂದು ಆಯಿಲ್ ಚೇಂಜ್ ಮುಂದಿನ ಓನರ್ ತಲೆ ಮೇಲಿನ ಸಾಲ. ಕಟ್ಟಬೇಕಾದಾಗ ಅದು ಹತ್ತಾರು ಸಾವಿರ.

ಹಾಗಾಗಿ ನಾಲ್ಕು ಮಾತು ಬರೆದಿಟ್ಕೊಳ್ಳಿ.

ಒಂದು, ಆಯಿಲ್ ಕಂಪನಿ ಬುಕ್‌ನಲ್ಲಿ ಹೇಳಿದ ಗ್ರೇಡ್‌ದೇ ಆಗಿರಲಿ, ಹೇಳಿದ ಸಮಯಕ್ಕೇ ಬದಲಾಗಲಿ. ಕಿಲೋಮೀಟರ್ ಆಗಿಲ್ಲ ಅಂದ್ರೂ ತಿಂಗಳ ಲೆಕ್ಕ ಇರುತ್ತೆ, ಯಾವುದು ಮೊದಲು ಬರುತ್ತೋ ಅದು.

ಎರಡು, ಏರ್ ಫಿಲ್ಟರ್. ನಮ್ಮ ಕಡೆ ಮಣ್ಣು ರಸ್ತೆ, ಕ್ರಷರ್ ಲಾರಿ ಧೂಳು ಹೊಸದಲ್ಲ. ಅಷ್ಟು ವೇಗದಲ್ಲಿ ತಿರುಗೋ ಚಕ್ರಕ್ಕೆ ಮರಳಿನ ಕಣ ಬಡಿದರೆ ರೆಕ್ಕೆ ಸವೆಯುತ್ತೆ.

ಮೂರು, ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಮಾಡಬೇಡಿ, ಆಯಿಲ್ ಟರ್ಬೊ ತನಕ ಹೋಗಿ ತಲುಪಲಿ. ಹೈವೇಯಲ್ಲಿ ಜೋರಾಗಿ ಓಡಿಸಿ ಅಥವಾ ಬೆಟ್ಟ ಹತ್ತಿ ಬಂದು ನಿಲ್ಲಿಸಿದಾಗ ಅರ್ಧ ಅಥವಾ ಒಂದು ನಿಮಿಷ ಹಾಗೇ ಓಡೋಕೆ ಬಿಟ್ಟು ಆಮೇಲೆ ಆಫ್ ಮಾಡಿ. ತಕ್ಷಣ ಆಫ್ ಮಾಡಿದರೆ ಆಯಿಲ್ ಹರಿಯೋದು ನಿಲ್ಲುತ್ತೆ, ಬಿಸಿ ಟರ್ಬೊ ಒಳಗೆ ನಿಂತ ಆಯಿಲ್ ಸೀದು ಕರಕಲಾಗುತ್ತೆ. ಊರೊಳಗೆ ಮೆಲ್ಲಗೆ ಬಂದಿದ್ದರೆ ಈ ಚಿಂತೆ ಬೇಡ.

ನಾಲ್ಕು, ಹಳೇ ಗಾಡಿ ತಗೊಳ್ಳುವಾಗ ಬಿಲ್ ಸಮೇತ ಸರ್ವೀಸ್ ಹಿಸ್ಟರಿ ಕೇಳಿ. ನೀಲಿ ಹೊಗೆ, ಹೊಸ ಥರದ ಸಿಳ್ಳೆ, ಏರಲ್ಲಿ ಮಂಕು, ಇದರಲ್ಲಿ ಒಂದು ಕಂಡರೂ ಮೆಕ್ಯಾನಿಕ್ ನೋಡೋ ತನಕ ಅಡ್ವಾನ್ಸ್ ಕೊಡಬೇಡಿ.

ಮೈಲೇಜ್ ಕಥೆ

"ಚಿಕ್ಕ ಇಂಜಿನ್, ಮೈಲೇಜ್ ಜಾಸ್ತಿ" ಅನ್ನೋದು ಅರ್ಧ ನಿಜ. ಮೆಲ್ಲಗೆ ಓಡಿಸಿದರೆ ಟರ್ಬೊಗೆ ಹೆಚ್ಚು ಕೆಲಸ ಇಲ್ಲ, ಆಗ ಅದು ಚಿಕ್ಕ ಇಂಜಿನ್ ಥರವೇ ಕುಡಿಯುತ್ತೆ. ಆದರೆ ಆ 14.7ರ ಲೆಕ್ಕ ಮರೀಬೇಡಿ. ಗಾಳಿ ಒಂದೂವರೆ ಪಟ್ಟು ತುಂಬಿದರೆ ಪೆಟ್ರೋಲೂ ಒಂದೂವರೆ ಪಟ್ಟು ಬೇಕು. ಬಲ ಬೇಕು ಅಂತ ಸದಾ ತುಳೀತಾ ಇದ್ದರೆ ಬಂಕ್‌ನೋರಿಗೆ ಖುಷಿ.

ಹಾಗಾದರೆ ತಗೊಳ್ಳೋದಾ?

ದಿನಾ ನಗರಗೆರೆಯಿಂದ ಗೌರಿಬಿದನೂರಿಗೆ ಹೋಗಿ ಬರೋದು, ಗಾಡಿಯಲ್ಲಿ ಒಬ್ಬರೋ ಇಬ್ಬರೋ, ವರ್ಷಕ್ಕೊಂದು ಸಲ ಧರ್ಮಸ್ಥಳ. ನಿಮ್ಮ ಓಡಾಟ ಇಷ್ಟೇ ಆಗಿದ್ದರೆ ಟರ್ಬೊ ಇಲ್ಲದ 1200 ಸಿಸಿ ಸಾಕು. ಉಳಿದ ದುಡ್ಡು ಇಎಂಐ ಇಳಿಸುತ್ತೆ. ವಾರಕ್ಕೆ ಎರಡು ಮೂರು ಸಲ ಬೆಂಗಳೂರು ಹೈವೇ, ಐದು ಜನ ಮತ್ತು ಲಗೇಜು, ಘಾಟಿ ರಸ್ತೆ ಜಾಸ್ತಿ ಅಂದ್ರೆ ಟರ್ಬೊ ಕೊಡೋ ಎಳೆತ ಕೊಟ್ಟ ದುಡ್ಡಿಗೆ ಸರಿಯಾಗುತ್ತೆ. ಆದರೆ ಸರ್ವೀಸ್‌ಗೆ ಪ್ರತಿವರ್ಷ ದುಡ್ಡು ಎತ್ತಿಡೋಕೆ ಆಗುತ್ತಾ ಅಂತ ಮೊದಲು ಕೇಳ್ಕೊಳ್ಳಿ. ಆಗಲ್ಲ ಅನ್ನೋದಾದರೆ ಹೊಸದಿರಲಿ ಹಳೇದಿರಲಿ, ಟರ್ಬೊ ಬೇಡ.

ಶೋರೂಮ್‌ನೋರು ಜಮಾ ಪುಟ ತೋರಿಸಿದರೆ ಖರ್ಚಿನ ಪುಟ ನೀವೇ ತಿರುಗಿಸಿ. ಟೆಸ್ಟ್ ಡ್ರೈವ್ ಹೋದಾಗ ಖಾಲಿ ರಸ್ತೆ ಬೇಡ, ಒಂದು ಏರು ಇರೋ ಕಡೆ, ಮನೆಯವರನ್ನ ಕೂರಿಸ್ಕೊಂಡು ಎರಡೂ ಇಂಜಿನ್ ಓಡಿಸಿ ನೋಡಿ. ಉತ್ತರ ಅಲ್ಲೇ ಸಿಗುತ್ತೆ.

ಯಾವುದು ತಗೊಂಡ್ರಿ, ಯಾಕೆ ತಗೊಂಡ್ರಿ ಅಂತ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿ ಓಡಿಸಿ, ನಮಸ್ಕಾರ.